ಕಿರ್ಮಾನಿ ಆಟದ ಅಳತೆಯಲ್ಲಿ ಮಧ್ಯಮ ಬೆಲೆಯ ಕೀಪಿಂಗ್ ಗ್ಲೌಸ್

ಮೀರತ್‌ನಲ್ಲಿ ತಯಾರಾಗಿ ಬೆಂಗಳೂರಿನ ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ 2,500ರಿಂದ 3,500 ರೂಪಾಯಿವರೆಗಿನ ಬೆಲೆಗೆ ಸಿಗುವ ವಿಕೆಟ್‌ಕೀಪಿಂಗ್ ಗ್ಲೌಸ್‌ಗಳನ್ನು ಒಂದು ಲೀಗ್ ಋತುವಿನುದ್ದಕ್ಕೂ ನಾನೂ ತೊಟ್ಟು, ನನ್ನ ಬಳಿ ಕಲಿಯುವ ಹುಡುಗ ಹುಡುಗಿಯರಿಗೂ ತೊಡಿಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಈ ಬೆಲೆಯಲ್ಲಿ ಬರುವ ಹಲವು ಕಂಪನಿಗಳ ಗ್ಲೌಸ್‌ಗಳು ಬಣ್ಣದಲ್ಲಿ ಮತ್ತು ಮೇಲಿನ ಮುದ್ರೆಯಲ್ಲಿ ಬೇರೆಯಾಗಿ ಕಂಡರೂ ರಚನೆಯಲ್ಲಿ ಬಹುಮಟ್ಟಿಗೆ ಒಂದೇ ಆಗಿವೆ; ಆದುದರಿಂದ ಕಂಪನಿಗಳ ಹೆಸರನ್ನು ಬದಿಗಿಟ್ಟು ರಚನೆಯನ್ನಷ್ಟೇ ಪರಿಶೀಲಿಸುತ್ತೇನೆ.

ಪರಿಶೀಲನೆಗೆ ಒಂದು ಅಳತೆಗೋಲು ಬೇಕು. ನಾನು ಆರಿಸಿಕೊಂಡಿರುವುದು ಭಾರತ ತಂಡದ ವಿಕೆಟ್‌ಕೀಪರ್ ಆಗಿದ್ದ ಸೈಯದ್ ಕಿರ್ಮಾನಿ ಅವರ ವೃತ್ತಿಜೀವನವನ್ನು. ಮದ್ರಾಸಿನಲ್ಲಿ 1949ರ ಡಿಸೆಂಬರ್ 29ರಂದು ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಕಿರ್ಮಾನಿ, 1976ರಿಂದ 1986ರವರೆಗೆ 88 ಟೆಸ್ಟ್‌ಗಳಲ್ಲಿ 160 ಕ್ಯಾಚ್ ಮತ್ತು 38 ಸ್ಟಂಪಿಂಗ್‌ಗಳೊಂದಿಗೆ 198 ಬಲಿಗಳನ್ನು ಪಡೆದರು. ಸಂಖ್ಯೆ ದೊಡ್ಡದೆಂಬುದಕ್ಕಿಂತ ಆ ಬಲಿಗಳು ಯಾವ ಯಾವ ಬೌಲರ್‌ಗಳಿಂದ ಬಂದವು ಎಂಬುದು ನನಗೆ ಮುಖ್ಯ. ವೃತ್ತಿಯ ಮೊದಲ ಭಾಗದಲ್ಲಿ ಅವರು ಸ್ಪಿನ್ನರ್‌ಗಳಾದ ಚಂದ್ರಶೇಖರ್, ಪ್ರಸನ್ನ, ಬೇಡಿ ಮತ್ತು ವೆಂಕಟರಾಘವನ್ ಅವರಿಗೆ ಸ್ಟಂಪ್ಸ್ ಪಕ್ಕದಲ್ಲೇ ಕುಳಿತು ಕೀಪಿಂಗ್ ಮಾಡಿದರು. 1978ರಲ್ಲಿ ವೇಗದ ಬೌಲರ್ ಕಪಿಲ್ ದೇವ್ ಬಂದ ಮೇಲೆ ಹಿಂದೆ ಸರಿದು ನಿಂತು ಎದೆಮಟ್ಟಕ್ಕೆ ಏರುವ ಚೆಂಡನ್ನೂ, ಬ್ಯಾಟಿನ ಅಂಚು ಸವರಿ ಹಾರುವ ಚೆಂಡನ್ನೂ ಹಿಡಿದರು. ಕೀಪರ್‌ನ ಕೈಯಿಂದ ಆಟವು ಕೇಳಬಹುದಾದ ಎರಡೂ ಬಗೆಯ ಕೆಲಸವನ್ನು ಇಷ್ಟು ಉನ್ನತ ಮಟ್ಟದಲ್ಲಿ ಮಾಡಿದ ಇನ್ನೊಬ್ಬ ಭಾರತೀಯ ನನ್ನ ಕಣ್ಣಿಗೆ ಕಾಣುವುದಿಲ್ಲ. ಗ್ಲೌಸ್ ಒಳ್ಳೆಯದೋ ಅಲ್ಲವೋ ಎಂದು ಹೇಳಬೇಕಾದರೆ ಅದು ಈ ಎರಡೂ ಕೆಲಸಗಳಲ್ಲಿ ಹೇಗೆ ನಡೆದುಕೊಂಡಿತು ಎಂಬುದನ್ನು ನೋಡಲೇಬೇಕು.

ಅಂಗೈಯಿಂದ ಆರಂಭಿಸುತ್ತೇನೆ. ಗ್ಲೌಸ್‌ನ ಅಂಗೈಗೆ ಸಣ್ಣ ಸಣ್ಣ ಗುಳ್ಳೆಗಳಿರುವ ರಬ್ಬರ್ ಹೊದಿಕೆಯನ್ನು ಅಂಟಿಸಿ ಅಂಚಿನಲ್ಲಿ ಹೊಲಿದಿರುತ್ತಾರೆ. ಕೀಪಿಂಗ್ ಗ್ಲೌಸ್‌ನ ಜೀವವೇ ಈ ರಬ್ಬರ್. ಹೊಸದಾಗಿದ್ದಾಗ ಅದು ಬಿರುಸಾಗಿರುತ್ತದೆ ಮತ್ತು ಚೆಂಡು ಅದರ ಮೇಲೆ ನಿಲ್ಲದೆ ಜಾರುತ್ತದೆ. ಈ ಬೆಲೆಯ ಗ್ಲೌಸ್‌ಗಳಲ್ಲಿ ರಬ್ಬರ್ ಹದಕ್ಕೆ ಬರಲು ಕೆಲವು ವಾರಗಳ ನೆಟ್ಸ್ ಅಭ್ಯಾಸವೇ ಬೇಕಾಯಿತು. ಹದಕ್ಕೆ ಬಂದ ಮೇಲೆ ಮಾತ್ರ ಹಿಡಿತ ನಿಜಕ್ಕೂ ಚೆನ್ನಾಗಿದೆ. ಆದರೆ ರಬ್ಬರ್‌ನ ಕೆಳಗೆ ತುಂಬಿರುವ ಹತ್ತಿ ಮತ್ತು ಸ್ಪಂಜಿನ ಪದರದ ಬಗ್ಗೆ ನನಗೆ ಗಂಭೀರವಾದ ಆಕ್ಷೇಪವಿದೆ. ಪದರವು ದಪ್ಪವಾಗಿದ್ದಷ್ಟೂ ಗ್ಲೌಸ್ ಬೆಲೆಬಾಳುವಂತೆ ಕಾಣುತ್ತದೆ, ಅಂಗಡಿಯಲ್ಲಿ ಒತ್ತಿ ನೋಡುವ ತಂದೆ ತಾಯಿಗೆ ಮಗುವಿನ ಕೈಗೆ ಪೆಟ್ಟಾಗದೆಂಬ ಭರವಸೆಯೂ ಬರುತ್ತದೆ. ಹಿಂದೆ ನಿಂತು ವೇಗದ ಬೌಲರ್‌ನ ಚೆಂಡನ್ನು ಹಿಡಿಯುವಾಗ ಈ ದಪ್ಪ ಉಪಕಾರಿಯೇ. ಸ್ಟಂಪ್ಸ್ ಹತ್ತಿರ ಬಂದು ಕುಳಿತಾಗ ಮಾತ್ರ ಚೆಂಡು ಅಂಗೈಯ ಯಾವ ಭಾಗಕ್ಕೆ ತಾಗಿತೆಂಬ ಅರಿವು ಬೆರಳಿಗೆ ತಡವಾಗಿ ತಲುಪುತ್ತದೆ, ಅಷ್ಟರೊಳಗೆ ಚೆಂಡು ಪುಟಿದು ಹೊರಗೆ ಬಂದಿರುತ್ತದೆ.

ಈ ಆಕ್ಷೇಪದ ತೂಕ ತಿಳಿಯಬೇಕಾದರೆ ಚಂದ್ರಶೇಖರ್ ಅವರ ಬೌಲಿಂಗನ್ನು ನೆನೆಯಬೇಕು. ಬಾಲ್ಯದಲ್ಲಿ ಪೋಲಿಯೊ ತಗುಲಿ ಬಲಗೈ ಸೊರಗಿದ್ದರೂ ಅದೇ ಕೈಯಿಂದ ಮಧ್ಯಮ ವೇಗದ ಬೌಲರ್‌ನಷ್ಟು ಬಿರುಸಾಗಿ ಗೂಗ್ಲಿ, ಟಾಪ್ ಸ್ಪಿನ್ ಮತ್ತು ಲೆಗ್ ಬ್ರೇಕ್ ಎಂಬ ಬೇರೆ ಬೇರೆ ಬಗೆಯ ಸ್ಪಿನ್ ಎಸೆತಗಳನ್ನು ಹಾಕುತ್ತಿದ್ದ ಮೈಸೂರಿನ ಈ ಬೌಲರ್ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು. ಚೆಂಡು ಯಾವ ಕಡೆಗೆ ತಿರುಗುವುದೆಂದು ಬ್ಯಾಟ್ಸ್‌ಮನ್‌ಗೆ ತಿಳಿಯದಿದ್ದಾಗ, ಆ ಬ್ಯಾಟ್ಸ್‌ಮನ್‌ನ ಬೆನ್ನ ಹಿಂದೆ ಕುಳಿತು ಅರ್ಧ ದಾರಿ ಕಾಣದ ಚೆಂಡನ್ನು ಹಿಡಿಯಬೇಕಾದ ಕೀಪರ್‌ನ ಪಾಡೇನು? ಕಿರ್ಮಾನಿ ಆ ವಿದ್ಯೆಯನ್ನು ಕರ್ನಾಟಕ ತಂಡದಲ್ಲಿ ಕಲಿತರು. ಪ್ರಸನ್ನ, ಚಂದ್ರಶೇಖರ್ ಮತ್ತು ವಿಜಯಕೃಷ್ಣ ಬೌಲ್ ಮಾಡುತ್ತಿದ್ದ, 1973-74ರಲ್ಲಿ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದ ತಂಡ ಅದು; ಸ್ಪಿನ್‌ಗೆ ಕೀಪಿಂಗ್ ಕಲಿಯಲು ಆಗಿನ ಭಾರತದಲ್ಲಿ ಅದಕ್ಕಿಂತ ಒಳ್ಳೆಯ ಶಾಲೆ ಇರಲಿಲ್ಲ. ಆಗಿನ ಮುಖ್ಯ ಕೀಪರ್ ಫಾರೂಖ್ ಎಂಜಿನಿಯರ್ ಅವರ ನೆರಳಿನಲ್ಲಿ 1971 ಮತ್ತು 1974ರ ಇಂಗ್ಲೆಂಡ್ ಪ್ರವಾಸಗಳನ್ನು ಮೀಸಲು ಕೀಪರ್ ಆಗಿ ಕಳೆದ ಅವರಿಗೆ 1976ರ ಜನವರಿಯಲ್ಲಿ ಆಕ್ಲೆಂಡ್‌ನಲ್ಲಿ ಟೆಸ್ಟ್ ಕ್ಯಾಪ್ ಸಿಕ್ಕಿತು. ಆ ಪಂದ್ಯದ ಮೊದಲ ಇನಿಂಗ್ಸ್‌ನಲ್ಲಿ ಚಂದ್ರಶೇಖರ್ 94 ರನ್‌ಗೆ 6 ವಿಕೆಟ್, ಎರಡನೆಯದರಲ್ಲಿ ಪ್ರಸನ್ನ 76 ರನ್‌ಗೆ 8 ವಿಕೆಟ್ ಪಡೆದರು. ಮೊದಲ ಟೆಸ್ಟಿನಲ್ಲೇ ಇಷ್ಟು ಸ್ಪಿನ್‌ಗೆ ಕೈಯೊಡ್ಡಬೇಕಾದವನಿಗೆ ಮೊದಲ ಅಗತ್ಯ ಬೆರಳಿನ ಸಂವೇದನೆ, ಮೆತ್ತೆ ಆ ಮೇಲಿನದು.

ಹುಡುಗನಾಗಿದ್ದಾಗ ಬೆಂಗಳೂರಿನ ಬೀದಿಯಾಟದಲ್ಲಿ ಗ್ಲೌಸ್ ಇಲ್ಲದೆ ಕೈಯಲ್ಲಿ ಇಟ್ಟಿಗೆ ಹಿಡಿದು ಚೆಂಡನ್ನು ತಡೆಯುತ್ತಿದ್ದುದಾಗಿ ಕಿರ್ಮಾನಿ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಇದನ್ನು ಬಡತನದ ಕಥೆಯಾಗಿ ಕೇಳಿ ಮರೆತುಬಿಡುವವರೇ ಹೆಚ್ಚು. ನನಗೆ ಮಾತ್ರ ಇದರಲ್ಲಿ ತಂತ್ರದ ಪಾಠ ಕಾಣುತ್ತದೆ. ಬಿರುಸಾದ ವಸ್ತುವಿಗೆ ತಾಗಿದ ಚೆಂಡು ದೂರ ಪುಟಿಯದಿರಬೇಕಾದರೆ ತಾಗುವ ಕ್ಷಣದಲ್ಲಿ ಕೈಯನ್ನು ಚೆಂಡಿನೊಂದಿಗೆ ಹಿಂದಕ್ಕೆ ಎಳೆದುಕೊಳ್ಳಲೇಬೇಕು. ಚೆಂಡಿನೊಂದಿಗೆ ಕೈಯನ್ನು ಹಿಂದಕ್ಕೆ ಸರಿಸುವ ಆ ಅಭ್ಯಾಸ ಚಿಕ್ಕಂದಿನಲ್ಲಿ ಮೈಗೂಡಿದರೆ ಮುಂದೆ ಯಾವ ಗ್ಲೌಸ್ ತೊಟ್ಟರೂ ಉಳಿಯುತ್ತದೆ. ಮೆತ್ತೆ ತುಂಬಿದ ಗ್ಲೌಸ್‌ನಲ್ಲಿ ಕಲಿಕೆ ಆರಂಭಿಸಿದ ಮಕ್ಕಳು ಕೈಯನ್ನು ಮುಂದೆ ನೂಕಿ ಚೆಂಡನ್ನು ಗುದ್ದುವುದನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ. ನೋವು ಆಗದಿರುವುದರಿಂದ ತಪ್ಪು ಗೊತ್ತಾಗುವುದೇ ಇಲ್ಲ.

ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ಹೊಲಿದಿರುವ ತುಂಡು, ಅಂದರೆ ವೆಬ್ಬಿಂಗ್, ಈ ಗ್ಲೌಸ್‌ಗಳ ದುರ್ಬಲ ಭಾಗ. ಕ್ರಿಕೆಟ್ ನಿಯಮಗಳ 27ನೇ ನಿಯಮವು ಈ ವಿಷಯದಲ್ಲಿ ಕಟ್ಟುನಿಟ್ಟಾಗಿದೆ: ಬೇರೆ ಬೆರಳುಗಳ ನಡುವೆ ವೆಬ್ಬಿಂಗ್ ಇರಕೂಡದು, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇರುವುದು ಹಿಗ್ಗದ ಒಂದೇ ತುಂಡಿನದಾಗಿರಬೇಕು, ಅದರ ಮೇಲಂಚು ಆ ಎರಡು ಬೆರಳುಗಳ ತುದಿಯನ್ನು ಸೇರಿಸುವ ನೇರ ಗೆರೆಯನ್ನು ದಾಟಕೂಡದು, ಹೆಬ್ಬೆರಳನ್ನು ಪೂರ್ತಿ ಚಾಚಿದಾಗ ಅದು ಬಿಗಿಯಾಗಿ ನಿಲ್ಲಬೇಕು. ಬೇಸ್‌ಬಾಲ್ ಗ್ಲೌಸ್‌ನಂತೆ ಚೆಂಡು ತಾನಾಗಿ ಬಂದು ಬೀಳುವ ಬಲೆಯಾಗದಿರಲೆಂಬುದೇ ಇದರ ಉದ್ದೇಶ. ಖರೀದಿಸಿದಾಗ ಎಲ್ಲ ಜೊತೆಗಳೂ ಈ ನಿಯಮಕ್ಕೆ ಸರಿಯಾಗಿಯೇ ಇದ್ದವು. ಋತುವಿನ ಕೊನೆಯ ಹೊತ್ತಿಗೆ ವೆಬ್ಬಿಂಗ್ ಸಡಿಲಗೊಂಡು ಹೆಬ್ಬೆರಳ ಬುಡದಲ್ಲಿ ಜೋತುಬಿದ್ದಿತ್ತು, ಒಂದು ಜೊತೆಯಲ್ಲಿ ಅಲ್ಲಿನ ಹೊಲಿಗೆಯೂ ಬಿಚ್ಚಿಕೊಂಡಿತು. ಚಕ್ಕಳ ಹೊಲಿಯುವವರ ಬಳಿ ಮೇಣದ ದಾರದಿಂದ ಮತ್ತೆ ಹೊಲಿಸಬಹುದು, ಅದಕ್ಕೆ ಹೆಚ್ಚು ಹಣವೂ ಬೇಡ. ಆದರೂ ಒಂದು ಋತುವನ್ನಾದರೂ ತಾಳಬೇಕಾದ ಭಾಗ ಇದು.

ವೆಬ್ಬಿಂಗ್ ಸಡಿಲವಾದರೆ ಮೊದಲು ತಪ್ಪಿಸಿಕೊಳ್ಳುವುದು ಲೆಗ್ ಬದಿಗೆ ಬರುವ ಚೆಂಡು. ಬ್ಯಾಟ್ಸ್‌ಮನ್‌ನ ಕಾಲಿನಿಂದ ಮರೆಯಾದ ಚೆಂಡನ್ನು ಕೀಪರ್ ಎಡಕ್ಕೆ ಸರಿದು ಹಿಡಿಯುವಾಗ ಅದು ನಡು ಅಂಗೈಗೆ ಬೀಳುವುದಕ್ಕಿಂತ ಹೆಬ್ಬೆರಳ ಬುಡಕ್ಕೆ ಬೀಳುವುದೇ ಹೆಚ್ಚು, ಅಲ್ಲಿಂದಲೇ ಅದನ್ನು ಸ್ಟಂಪ್ಸ್‌ಗೆ ತರಬೇಕು. ಕಿರ್ಮಾನಿ ಅವರ 38 ಟೆಸ್ಟ್ ಸ್ಟಂಪಿಂಗ್‌ಗಳನ್ನು ಈ ಕಷ್ಟದ ಹಿನ್ನೆಲೆಯಲ್ಲಿ ನೋಡಬೇಕು. ದಶಕಗಳ ನಂತರ ಮಹೇಂದ್ರ ಸಿಂಗ್ ಧೋನಿ 90 ಟೆಸ್ಟ್‌ಗಳಲ್ಲಿ ಗಳಿಸಿದ್ದೂ ಸರಿಯಾಗಿ 38 ಸ್ಟಂಪಿಂಗ್‌ಗಳನ್ನೇ. ಇಬ್ಬರ ಶೈಲಿಯಲ್ಲಿ ಇರುವ ಅಂತರ ಗ್ಲೌಸ್ ಕೊಳ್ಳುವವರಿಗೆ ಉಪಯುಕ್ತವಾಗಬಹುದು. ಧೋನಿ ಕೈಯನ್ನು ಹಿಂದಕ್ಕೆಳೆಯುವ ಹಂತವನ್ನೇ ಬಹುಮಟ್ಟಿಗೆ ಬಿಟ್ಟು ಚೆಂಡು ತಾಗಿದೊಡನೆ ಕೈಯನ್ನು ಸ್ಟಂಪ್ಸ್ ಕಡೆಗೆ ಒಯ್ಯುತ್ತಿದ್ದರು. ಆ ಕ್ರಮಕ್ಕೆ ಗಟ್ಟಿಯಾದ ಅಂಗೈ ಒಗ್ಗುತ್ತದೆ. ಕಿರ್ಮಾನಿ ಕ್ರಮ ಹಳೆಯದು: ಬೆರಳ ತುದಿ ನೆಲದ ಕಡೆಗಿಟ್ಟು ಕೆಳಗೆ ಕುಳಿತು, ಚೆಂಡು ಎದ್ದಂತೆ ತಾವೂ ಎದ್ದು, ಮೃದುವಾಗಿ ಒಳಗೆ ತೆಗೆದುಕೊಳ್ಳುವುದು. ನಾನು ಕಲಿಸುವುದೂ ಇದನ್ನೇ. ಧೋನಿಯವರ ಕ್ರಮವನ್ನು ಅವರಂಥ ಕೈಗಳಿರುವವರು ಮುಂದೆ ತಾವಾಗಿ ಕಂಡುಕೊಳ್ಳಲಿ.

ನ್ಯೂಜಿಲೆಂಡಿನ ಅದೇ ಪ್ರವಾಸದಲ್ಲಿ, ಕ್ರೈಸ್ಟ್‌ಚರ್ಚ್‌ನಲ್ಲಿ ನಡೆದ ತಮ್ಮ ಎರಡನೇ ಟೆಸ್ಟ್‌ನಲ್ಲೇ, ಕಿರ್ಮಾನಿ ಒಂದು ಇನಿಂಗ್ಸ್‌ನಲ್ಲಿ ಐದು ಕ್ಯಾಚ್ ಮತ್ತು ಒಂದು ಸ್ಟಂಪಿಂಗ್ ಮಾಡಿ ಆರು ಬಲಿಗಳ ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಆ ಇನಿಂಗ್ಸ್‌ನಲ್ಲಿ ಹೆಚ್ಚು ವಿಕೆಟ್ ಪಡೆದವರು ಸ್ಪಿನ್ನರ್‌ಗಳಲ್ಲ. ಮಧ್ಯಮ ವೇಗದ ಮದನ್ ಲಾಲ್ ಮತ್ತು ಮೊಹಿಂದರ್ ಅಮರ್‌ನಾಥ್. ಆಕ್ಲೆಂಡ್‌ನ ಸ್ಪಿನ್ನಿಗೂ ಕ್ರೈಸ್ಟ್‌ಚರ್ಚ್‌ನ ಸ್ವಿಂಗ್‌ಗೂ ಕೆಲವೇ ದಿನಗಳ ಅಂತರದಲ್ಲಿ ಒಗ್ಗಿಕೊಂಡ ಕೈಗಳವು.

ಒಳಗೆ ತೊಡುವ ಇನ್ನರ್‌ಗಳ ವಿಷಯ ಇನ್ನೂ ಮುಖ್ಯವಾದುದು. ಬಹಳ ಮಂದಿ ಇದರ ಕಡೆ ಗಮನವನ್ನೇ ಕೊಡುವುದಿಲ್ಲ. ಈ ಬೆಲೆಯ ಕೆಲವು ಜೊತೆಗಳೊಂದಿಗೆ ತೆಳುವಾದ ಹತ್ತಿಯ ಇನ್ನರ್ ಸೇರಿಯೇ ಬರುತ್ತದೆ, ಕೆಲವಕ್ಕೆ ಬೇರೆಯಾಗಿ ಕೊಳ್ಳಬೇಕು. ಸೇರಿ ಬರುವ ಇನ್ನರ್ ಬೆವರಿಗೆ ಬೇಗ ತೊಯ್ದು ಮುದುಡಿಕೊಂಡು ಬೆರಳ ಸಂದಿಯಲ್ಲಿ ಗಂಟಾಗುತ್ತದೆ. ಅದನ್ನು ತೊಟ್ಟು ಐವತ್ತು ಓವರ್ ನಿಲ್ಲುವುದು ಹಿಂಸೆ. ಅಂಗೈಗೆ ಮೆತ್ತನೆಯ ಚಕ್ಕಳ ಹೊಲಿದ ಇನ್ನರ್ ಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಪೆಟ್ಟನ್ನು ತಡೆಯುವ ಕೆಲಸವನ್ನು ಒಳ್ಳೆಯ ಇನ್ನರ್‌ಗೆ ವಹಿಸಿದರೆ ಹೊರಗಿನ ಗ್ಲೌಸ್ ತೆಳುವಾಗಿದ್ದರೂ ನಡೆಯುತ್ತದೆ, ಆಗ ಬೆರಳಿಗೆ ಚೆಂಡಿನ ಅರಿವು ಉಳಿಯುತ್ತದೆ. ಗಂಟೆಗಳ ಕಾಲ ಕೈ ಹಗುರವಾಗಿರುವುದೂ ಇದರಿಂದಲೇ. 1981-82ರಲ್ಲಿ ಇಂಗ್ಲೆಂಡ್ ತಂಡ ಭಾರತಕ್ಕೆ ಬಂದಿದ್ದಾಗ ಸತತ ಮೂರು ಟೆಸ್ಟ್‌ಗಳಲ್ಲಿ, 1,964 ರನ್‌ಗಳು ಹರಿದುಹೋಗುವವರೆಗೆ, ಕಿರ್ಮಾನಿ ಒಂದೇ ಒಂದು ಬೈ (ಬ್ಯಾಟಿಗೂ ಮೈಗೂ ತಾಗದ ಚೆಂಡು ಕೀಪರ್‌ನನ್ನು ದಾಟಿದಾಗ ಬರುವ ರನ್) ಕೂಡ ಬಿಡಲಿಲ್ಲ. ನನ್ನ ಮಟ್ಟಿಗೆ ಅವರ ವೃತ್ತಿಜೀವನದ ಶಿಖರ ಇದೇ. ಕ್ಯಾಚ್ ಹಿಡಿದರೆ ಸ್ಕೋರ್ ಪುಸ್ತಕದಲ್ಲಿ ಕೀಪರ್‌ನ ಹೆಸರು ಬೀಳುತ್ತದೆ, ಬೈ ಉಳಿಸಿದರೆ ಯಾರ ಹೆಸರೂ ಬೀಳುವುದಿಲ್ಲ. ದಿನವಿಡೀ ಪ್ರತಿ ಎಸೆತಕ್ಕೂ ಕುಳಿತು ಏಳುತ್ತ, ಬ್ಯಾಟ್ಸ್‌ಮನ್ ಆಡಿದ ಚೆಂಡಿಗೂ ಬಿಟ್ಟ ಚೆಂಡಿಗೂ ಒಂದೇ ಗಮನ ಕೊಟ್ಟವರಿಗೆ ಮಾತ್ರ ಅದು ಸಾಧ್ಯ. ಅಂಥ ದಿನಗಳನ್ನು ತಡೆದುಕೊಳ್ಳುವ ಕೈಗೆ ತೊಯ್ದ ಹತ್ತಿಯ ಇನ್ನರ್ ಕೊಡುವುದು ಅನ್ಯಾಯ. ಬೆಂಗಳೂರಿನ ಹವೆಯಲ್ಲಿ ಎರಡು ಜೊತೆ ಇನ್ನರ್ ಸಾಕಾಗುತ್ತದೆ. ಮಂಗಳೂರು ಅಥವಾ ಚೆನ್ನೈಗೆ ಆಡಲು ಹೋಗುವವರು ಮೂರನ್ನಾದರೂ ಒಯ್ಯಬೇಕು, ತೊಯ್ದವನ್ನು ನೆರಳಿನಲ್ಲಿಯೇ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಚಕ್ಕಳ ಸೆಟೆದು ಮರಳಿ ಮೆತ್ತಗಾಗುವುದಿಲ್ಲ.

ಬೆರಳ ತುದಿಯ ಕ್ಯಾಪ್‌ಗಳ ವಿಷಯದಲ್ಲಿ ತಯಾರಕರನ್ನು ಮೆಚ್ಚಲೇಬೇಕು. 156ರಿಂದ 163 ಗ್ರಾಂ ತೂಕದ ಚೆಂಡು ಬೆರಳ ತುದಿಗೆ ನೇರವಾಗಿ ಬಡಿದರೆ ಮೂಳೆ ಬಿರುಕು ಬಿಡುವುದು ಅಪರೂಪವಲ್ಲ, ಹಳೆಯ ಕೀಪರ್‌ಗಳ ಸೊಟ್ಟಗಾದ ಬೆರಳುಗಳೇ ಅದಕ್ಕೆ ಸಾಕ್ಷಿ. ನಾನು ಪರೀಕ್ಷಿಸಿದ ಜೊತೆಗಳಲ್ಲಿ ಕ್ಯಾಪ್ ಗಟ್ಟಿಯಾಗಿದ್ದು ಒಳಗಿನ ಅಂಚು ಉಗುರಿಗೆ ಒತ್ತುವುದಿಲ್ಲ. ಹಿಂದೆ ನಿಂತು ಆಡುವಾಗ ಈ ಗ್ಲೌಸ್‌ಗಳ ನಡವಳಿಕೆಯಲ್ಲಿ ಹೇಳುವಂಥ ಕೊರತೆ ನನಗೆ ಕಾಣಲಿಲ್ಲ. ಡೈವ್ ಮಾಡಿ ಒಂದೇ ಕೈಯಲ್ಲಿ ಹಿಡಿದಾಗಲೂ ಚೆಂಡು ಅಂಗೈಯಲ್ಲಿ ನಿಂತಿತು. 1983ರ ಜೂನ್ 25ರಂದು ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್‌ನಲ್ಲಿ 183 ರನ್‌ಗಳನ್ನು ಕಾಯಬೇಕಾಗಿದ್ದ ಭಾರತಕ್ಕೆ ಬಲ್ವಿಂದರ್ ಸಂಧು ಎಸೆತದಲ್ಲಿ ಫೌದ್ ಬ್ಯಾಕಸ್ ಅವರ ಕ್ಯಾಚನ್ನು ಕಿರ್ಮಾನಿ ಹಾರಿ ಹಿಡಿದುಕೊಟ್ಟ ದೃಶ್ಯವನ್ನು ಈಗಲೂ ನೋಡಬಹುದು. ಹಿಂದೆ ನಿಂತು ಕೀಪಿಂಗ್ ಮಾಡುವವರು ಆ ಕ್ಯಾಚಿನಲ್ಲಿ ಕಾಲುಗಳನ್ನು ಗಮನಿಸಬೇಕು: ಹಾರುವುದಕ್ಕೆ ಮುಂಚೆ ಅವರು ಸರಿದಿರುತ್ತಾರೆ. ಅದೇ ಟೂರ್ನಿಯಲ್ಲಿ ಲೆಸ್ಟರ್‌ನಲ್ಲಿ ಜಿಂಬಾಬ್ವೆ ವಿರುದ್ಧ ಅವರು ಐದು ಕ್ಯಾಚ್ ಹಿಡಿದಿದ್ದರು, ಟೂರ್ನಿಯ ಶ್ರೇಷ್ಠ ವಿಕೆಟ್‌ಕೀಪರ್ ಎಂಬ ಗೌರವವನ್ನು ಇಂಗ್ಲೆಂಡಿನ ಹಿರಿಯ ಕೀಪರ್ ಗಾಡ್ಫ್ರೆ ಎವಾನ್ಸ್ ಅವರ ಕೈಯಿಂದ ಪಡೆದರು.

ಆದರೂ 1983ರ ಮಾತು ಬಂದಾಗ ನಮ್ಮವರು ಕಿರ್ಮಾನಿಯನ್ನು ನೆನೆಯುವುದು ಟನ್‌ಬ್ರಿಡ್ಜ್ ವೆಲ್ಸ್‌ನ ಅಜೇಯ 24 ರನ್‌ಗಳಿಗಾಗಿ. ಜೂನ್ 18ರಂದು 17 ರನ್‌ಗೆ 5 ವಿಕೆಟ್ ಕಳೆದುಕೊಂಡಿದ್ದ ತಂಡವನ್ನು ಕಪಿಲ್ ದೇವ್ ಅಜೇಯ 175 ರನ್‌ಗಳಿಂದ ಎತ್ತಿ ನಿಲ್ಲಿಸಿದಾಗ ಮುರಿಯದ ಒಂಬತ್ತನೇ ವಿಕೆಟ್‌ಗೆ 126 ರನ್ ಸೇರಿಸುವವರೆಗೆ ಇನ್ನೊಂದು ತುದಿಯನ್ನು ಕಾದವರು ಕಿರ್ಮಾನಿ. ಬ್ಯಾಟಿಂಗ್‌ನಲ್ಲಿ ಅವರ ಕೊಡುಗೆ ಅಲ್ಲಿಗೇ ಮುಗಿಯುವುದಿಲ್ಲ. 1979ರಲ್ಲಿ ವಿಶ್ವಕಪ್ ಮತ್ತು ಇಂಗ್ಲೆಂಡ್ ಪ್ರವಾಸದ ತಂಡದಿಂದ ಕೈಬಿಡಲ್ಪಟ್ಟು, ಅದೇ ವರ್ಷ ಮರಳಿ ಬಂದು ಬೊಂಬಾಯಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ದಿನದಾಟದ ಕೊನೆಯಲ್ಲಿ ಮುಖ್ಯ ಬ್ಯಾಟ್ಸ್‌ಮನ್‌ನ ಬದಲಿಗೆ ಆಡುವ ನೈಟ್ ವಾಚ್‌ಮನ್ ಆಗಿ ಇಳಿದು ಅಜೇಯ 101 ರನ್ ಹೊಡೆದರು. 1983ರ ಡಿಸೆಂಬರ್‌ನಲ್ಲಿ ಮದ್ರಾಸಿನಲ್ಲಿ ಗಾವಸ್ಕರ್ ಅವರ ಅಜೇಯ 236ಕ್ಕೆ ಜೊತೆಯಾಗಿ ಒಂಬತ್ತನೇ ವಿಕೆಟ್‌ಗೆ ಮುರಿಯದ 143 ರನ್ ಸೇರಿಸಿದರು. 1984ರಲ್ಲಿ ಇಂಗ್ಲೆಂಡ್ ವಿರುದ್ಧ ರವಿ ಶಾಸ್ತ್ರಿಯವರೊಂದಿಗೆ ಏಳನೇ ವಿಕೆಟ್‌ಗೆ 235 ರನ್ ಜೊತೆಯಾಟದಲ್ಲಿ 102 ರನ್ ಗಳಿಸಿದರು. ಇವೆಲ್ಲ ಹೆಮ್ಮೆಪಡಬೇಕಾದ ಸಾಧನೆಗಳೇ. ಆದರೆ ಕೀಪರ್‌ನನ್ನು ಬ್ಯಾಟಿನಿಂದಲೇ ನೆನೆಯುವ ಈ ರೂಢಿ ಗ್ಲೌಸ್‌ನ ಮಾರುಕಟ್ಟೆಯನ್ನೂ ಕೆಡಿಸಿದೆ ಎಂದು ನಾನು ನಂಬುತ್ತೇನೆ. ಮಗ ಕೀಪರ್ ಆಗಬೇಕೆಂದು ಅಂಗಡಿಗೆ ಬರುವ ಪೋಷಕರು ಇಂಗ್ಲಿಷ್ ವಿಲ್ಲೊ ಬ್ಯಾಟಿಗೆ ಹತ್ತಿಪ್ಪತ್ತು ಸಾವಿರ ರೂಪಾಯಿ ಕೊಟ್ಟು, ಉಳಿದ ಹಣದಲ್ಲಿ ಗ್ಲೌಸ್ ಕೇಳುತ್ತಾರೆ. ಬ್ಯಾಟಿನ ನಾರಿನ ಗೆರೆಗಳನ್ನು ಎಣಿಸುವವರು ಗ್ಲೌಸ್‌ನ ಅಂಗೈಯನ್ನು ತಿರುಗಿಸಿಯೂ ನೋಡುವುದಿಲ್ಲ. ಕೇಳುವವರಿಲ್ಲದ ಕಡೆ ತಯಾರಕರು ವೆಬ್ಬಿಂಗ್‌ನ ಹೊಲಿಗೆಗೆ ಇನ್ನೊಂದು ಸುತ್ತು ದಾರ ಏಕೆ ಹಾಕುತ್ತಾರೆ?

ಖರೀದಿಸುವವರಿಗೆ ನನ್ನ ಸಲಹೆ ಹೀಗಿದೆ. ಚಾಪೆ ಹಾಸಿದ ಪಿಚ್ (ಮ್ಯಾಟಿಂಗ್) ಮೇಲೆ ಅಥವಾ ಹಸಿರಿರುವ ಟರ್ಫ್ ಮೇಲೆ ಹೆಚ್ಚಾಗಿ ವೇಗದ ಬೌಲರ್‌ಗಳಿಗೆ ಕೀಪಿಂಗ್ ಮಾಡುವವರು ಈ ಬೆಲೆಯ ಗ್ಲೌಸನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಕೊಟ್ಟ ಹಣಕ್ಕೆ ಮೋಸವಿಲ್ಲ. ಸ್ಪಿನ್ನರ್‌ಗಳಿಗೆ ಹೆಚ್ಚು ಹೊತ್ತು ಕೂರಬೇಕಾದವರು ಅಂಗಡಿಯಲ್ಲಿರುವ ಜೊತೆಗಳಲ್ಲೇ ಅಂಗೈ ತೆಳುವಾಗಿರುವುದನ್ನು ಹುಡುಕಿ ಆರಿಸಬೇಕು, ಒಂದೇ ಮಾದರಿಯ ಎರಡು ಜೊತೆಗಳ ನಡುವೆಯೂ ಈ ವ್ಯತ್ಯಾಸ ಇರುತ್ತದೆ. ಇನ್ನರ್ ತೊಟ್ಟುಕೊಂಡೇ ಗ್ಲೌಸ್ ಹಾಕಿ ನೋಡಬೇಕು, ಬೆರಳ ತುದಿ ಕ್ಯಾಪ್‌ಗೆ ತಾಗಬೇಕು, ಹೆಬ್ಬೆರಳನ್ನು ಪೂರ್ತಿ ಚಾಚಿದಾಗ ವೆಬ್ಬಿಂಗ್ ಬಿಗಿಯಾಗಬೇಕು, ಕೈ ಮಡಚಿದಾಗ ಮಣಿಕಟ್ಟಿನ ಕಫ್ ಅಡ್ಡ ಬರಕೂಡದು. ಅಂಗಡಿಯವರನ್ನು ಕೇಳಿ ಒಂದು ಲೆದರ್ ಚೆಂಡನ್ನು ಪಡೆದು ಹತ್ತಿರದಿಂದ ಎಸೆಸಿಕೊಂಡು ಹಿಡಿದು ನೋಡಿದರೆ ಇನ್ನೂ ಒಳ್ಳೆಯದು. ಆಟ ಮುಗಿದ ಮೇಲೆ ರಬ್ಬರನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಧೂಳು ಕೂತು ರಬ್ಬರ್ ನುಣುಪಾದರೆ ಹಿಡಿತ ಅರ್ಧಕ್ಕೆ ಇಳಿಯುತ್ತದೆ.

ಚಿಕ್ಕ ಅಳತೆಗಳ ಬಗ್ಗೆ ತಯಾರಕರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬಾಲಕರ ಅಳತೆಯೆಂದು ಮಾರುವ ಗ್ಲೌಸ್‌ನಲ್ಲಿ ಬೆರಳುಗಳ ಉದ್ದವನ್ನು ಮಾತ್ರ ತಗ್ಗಿಸಿ ಅಂಗೈಯ ಮೆತ್ತೆಯನ್ನು ದೊಡ್ಡವರ ಗ್ಲೌಸ್‌ನಷ್ಟೇ ಉಳಿಸಿಕೊಂಡಿದ್ದಾರೆ, ಹೀಗಾಗಿ ಚಿಕ್ಕ ಕೈಗೆ ಅದು ಮಡಚಲಾಗದ ಹಲಗೆಯಾಗುತ್ತದೆ. ಭಾರತದ ಮಹಿಳಾ ತಂಡಕ್ಕೆ ಕೀಪಿಂಗ್ ಮಾಡಿದ ಕರುಣಾ ಜೈನ್ ಅವರ ಊರಾದ ಬೆಂಗಳೂರಿನಲ್ಲಿ ಈಗ ಎಷ್ಟೋ ಹುಡುಗಿಯರು ಕೀಪಿಂಗ್ ಕಲಿಯಲು ಬರುತ್ತಾರೆ. ಉದ್ದ ಬೆರಳು ಮತ್ತು ಕಿರಿದಾದ ಅಂಗೈ ಇರುವ ಅವರಿಗೆ ಬಾಲಕರ ಅಳತೆ ಗಿಡ್ಡವಾಗುತ್ತದೆ, ಪುರುಷರ ಅಳತೆ ಸಡಿಲವಾಗುತ್ತದೆ. ಸದ್ಯಕ್ಕೆ ನಾನು ಪುರುಷರ ಅಳತೆಯ ಗ್ಲೌಸ್‌ನೊಳಗೆ ದಪ್ಪ ಇನ್ನರ್ ತೊಡಿಸಿ, ಮಣಿಕಟ್ಟಿನ ಪಟ್ಟಿಯನ್ನು ಒಂದು ಸುತ್ತು ಹೆಚ್ಚು ಬಿಗಿಸಿ ಕಳಿಸುತ್ತಿದ್ದೇನೆ. ಮೀರತ್ ಮತ್ತು ಜಲಂಧರ್‌ನ ಕಾರ್ಖಾನೆಗಳು ಕಿರಿದಾದ ಅಂಗೈಯ ಒಂದು ಅಳತೆಯನ್ನು ಇದೇ ಬೆಲೆಗೆ ಹೊರತಂದರೆ ಮೊದಲ ಗಿರಾಕಿ ನಾನೇ.